ಇಂಪೀಚ್‌ಮೆಂಟ್‌ಗೆ ‘ವಾಗ್ದಂಡನೆ’ ಸರಿಯಾ?

ಗೆಳೆಯರೇ,

ಅಮೆರಿಕದ ಸ್ಯಾಮ್ಯುಯೆಲ್ ಚೇಸ್ ಬಗ್ಗೆ ಬರೆಯುತ್ತಿದ್ದೇನೆ. ‘ಇಂಪೀಚ್‌ಮೆಂಟ್’ ಅನ್ನುವ ಒಂದು ಪದ ಕೈಕೊಡುತ್ತಿದೆ. ಉನ್ನತ ಹುದ್ದೆಯಲ್ಲಿರುವವರ ಮೇಲೆ ಶಾಸನಸಭೆ ಆರೋಪ ಹೊರಿಸಿ ವಿಚಾರಣೆಗೆ ಒಡ್ಡುವುದಕ್ಕೆ ಹೀಗನ್ನುತ್ತಾರೆ. ನಮ್ಮ ಪತ್ರಿಕೆಗಳು ಇದಕ್ಕೆ ‘ವಾಗ್ದಂಡನೆ’ ಅಂತ ಬರೆಯುತ್ತವೆ.

ಚೇಸ್ ಮೇರಿಲ್ಯಾಂಡಿನವನು. 1761ರಲ್ಲಿ ವಕೀಲನಾದ, ಆಮೇಲೆ ಅಲ್ಲಿನ ಶಾಸನಸಭೆ ಸೇರಿದ, 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ. ಮುಂದೆ ಬಾಲ್ಟಿಮೋರ್‌ನಲ್ಲಿ ನ್ಯಾಯಾಧೀಶ, 1796ರಿಂದ ಸುಪ್ರೀಂ ಕೋರ್ಟಿನಲ್ಲಿ. ಇಲ್ಲಿಯವರೆಗೆ ತೊಂದರೆಯಿಲ್ಲ.

ಆಸಾಮಿ ಫೆಡರಲಿಸ್ಟ್, ಅಂದರೆ ಜೆಫರ್ಸನ್‌ಗೆ ಎದುರಾಗಿದ್ದ ಪಕ್ಷದವನು, ಬಾಯಿಯೂ ಜೋರು. 1800ರಲ್ಲಿ ಜಾನ್ ಫ್ರೈಸ್ ಎಂಬವನ ದೇಶದ್ರೋಹದ ಮೊಕದ್ದಮೆಯಲ್ಲಿ, ವಕೀಲರು ವಾದ ಶುರು ಮಾಡುವ ಮೊದಲೇ ಕಾನೂನು ಏನು ಹೇಳುತ್ತದೆ ಅಂತ ತಾನೇ ಬರೆದು ಕೊಟ್ಟುಬಿಟ್ಟ. ವಕೀಲರು ಕೇಸು ಬಿಟ್ಟು ಎದ್ದು ಹೋದರು. 1803ರಲ್ಲಿ ಬಾಲ್ಟಿಮೋರ್‌ನ ಜ್ಯೂರಿಯ ಮುಂದೆ ಆಗಿನ ಅಧ್ಯಕ್ಷ ಜೆಫರ್ಸನ್ ಕಡೆಯವರ ರಾಜಕೀಯವನ್ನು ತರಾಟೆಗೆ ತೆಗೆದುಕೊಂಡ. 1804ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆ 73–32 ಮತಗಳಿಂದ ಅವನನ್ನು ಇಂಪೀಚ್ ಮಾಡಿತು. ವಿಚಾರಣೆ ನಡೆಸಿದ ಮೇಲ್ಮನೆ, ಅಂದರೆ ಸೆನೆಟ್, 1805ರ ಮಾರ್ಚ್ 1ರಂದು ಖುಲಾಸೆ ಮಾಡಿತು. ಶಿಕ್ಷೆಯಾಗಲು ಮೂರನೇ ಎರಡರಷ್ಟು, ಅಂದರೆ 34 ಸೆನೆಟರ್‌ಗಳಲ್ಲಿ 23 ಮಂದಿ ‘ತಪ್ಪಿತಸ್ಥ’ ಅನ್ನಬೇಕಿತ್ತು. ಎಂಟು ಆರೋಪಗಳಲ್ಲಿ ಒಂದಕ್ಕೂ 19ಕ್ಕಿಂತ ಜಾಸ್ತಿ ಮತ ಬೀಳಲಿಲ್ಲ. 1811ರಲ್ಲಿ ಸಾಯುವವರೆಗೂ ಅದೇ ಪೀಠದಲ್ಲಿದ್ದ.

ಪತ್ರಿಕೆಗಳ ಪದ ಹಾಕಿದರೆ ‘ಕೆಳಮನೆ ವಾಗ್ದಂಡನೆ ವಿಧಿಸಿತು, ಸೆನೆಟ್ ಖುಲಾಸೆ ಮಾಡಿತು’ ಅಂತಾಗುತ್ತದೆ. ದಂಡನೆ ಆದಮೇಲೆ ಎಂಥ ವಿಚಾರಣೆ? ಓದುವವರಿಗೆ ಬೈದು ಬಿಟ್ಟುಬಿಟ್ಟರು ಅನ್ನಿಸುತ್ತದೆ, ಅಲ್ವಾ? ಕೆಳಮನೆ ಮಾಡಿದ್ದು ಬರೀ ಆರೋಪ ಹೊರಿಸುವ ಕೆಲಸ. ‘ದೋಷಾರೋಪ’ ಅನ್ನೋಣ ಅಂದರೆ ಪೊಲೀಸರ ದೋಷಾರೋಪ ಪಟ್ಟಿ ನೆನಪಾಗುತ್ತದೆ. ‘ಪದಚ್ಯುತಿ’ ಅಂತೂ ಆಗಲೇ ಇಲ್ಲ. ನನಗೆ ‘ಮಹಾಭಿಯೋಗ ಹೂಡಿತು’ ವಾಸಿ ಅನ್ನಿಸುತ್ತದೆ. ಪದ ಸ್ವಲ್ಪ ಭಾರ, ನಿಜ. ಆದರೆ ದಾವೆ ಹೂಡುವ ಹಾಗೆ ಇದನ್ನೂ ಹೂಡಬಹುದು. ಹೂಡಿದ್ದು ಬಿದ್ದೂ ಹೋಗಬಹುದು. ನಮ್ಮ ಸಂವಿಧಾನ ಇಂಪೀಚ್‌ಮೆಂಟ್ ಅನ್ನುವುದು ರಾಷ್ಟ್ರಪತಿಯ ವಿಷಯದಲ್ಲಿ ಮಾತ್ರ. ನ್ಯಾಯಾಧೀಶರಿಗೆ ‘ತೆಗೆದುಹಾಕುವುದು’ ಅಂತಲೇ ಇದೆ. ಹಾಗಾಗಿ ಅದರಿಂದ ಇಲ್ಲಿ ನೆರವು ಸಿಗುವುದಿಲ್ಲ.

ಇನ್ನೊಂದು ಪ್ರಶ್ನೆ. ಸೆನೆಟ್ ಮುಂದೆ ಕೆಳಮನೆಯ ಪರ ವಾದಿಸಿದವರನ್ನು ಅಲ್ಲಿ ‘ಮ್ಯಾನೇಜರ್’ ಅಂತಲೇ ಕರೆಯುತ್ತಾರೆ. ಹಾಗೇ ಬಿಟ್ಟರೆ ಬ್ಯಾಂಕಿನವರು ಬಂದ ಹಾಗಿರುತ್ತದೆ. ವಕೀಲರು ಅನ್ನೋಣ ಅಂದರೆ ಅವರ ಮುಂದಾಳು ಜಾನ್ ರ್ಯಾಂಡಾಲ್ಫ್ ವಕೀಲಿಕೆ ಮಾಡಿದವನೇ ಅಲ್ಲ. ‘ಸದನದ ವಾದಿಗಳು’ ಅಂತ ಸದ್ಯಕ್ಕೆ ಹಾಕಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ತಿಳಿಸಿ.