ಮಗಳ ಹಲ್ಲಿನಲ್ಲಿ ಹುಳುಕಿನ ಆರಂಭ: ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?

ಅರಸೀಕೆರೆ ಕಡೆಯ ಹಳ್ಳಿಯಿಂದ, ಕೇಳಿದವರು:
ಏಳು ವರ್ಷದ ಮಗಳ ಮುಂದಿನ ಹಲ್ಲುಗಳಲ್ಲಿ, ವಸಡಿಗೆ ತಾಗಿದಂತೆ, ಸುಣ್ಣದ ಬಣ್ಣದ ಮಚ್ಚೆಗಳಿವೆ; ಹಿಂದಿನ ದವಡೆ ಹಲ್ಲಿನ ಗೀರಿನಲ್ಲಿ ಕಪ್ಪು ಗೆರೆಯೂ ಇದೆ. ನೋವಿಲ್ಲ. ಖಾಸಗಿಯಾಗಿ ತೋರಿಸಿದಾಗ ಹೇಳಿದ ಮೊತ್ತ ನಮ್ಮ ಕೈಗೆಟುಕುವಂತಿಲ್ಲ. ಅನುಭವವಿದ್ದವರು ತಿಳಿಸಿ.

ಹಾಸನದಿಂದ:
ನನ್ನ ಮಗನಿಗೂ ಇಂಥದೇ ಮಚ್ಚೆಗಳಿದ್ದವು. ಗುಂಡಿ ಬೀಳದ ಬಿಳಿ ಮಚ್ಚೆಯೆಂದರೆ ಎನಾಮಲ್ಲಿನ (ಹಲ್ಲಿನ ಗಟ್ಟಿ ಹೊರಪದರದ) ಖನಿಜಾಂಶ ಕರಗತೊಡಗಿದೆ ಎಂದರ್ಥ. ಈ ಹಂತದಲ್ಲಿ ಸಾಮಾನ್ಯವಾಗಿ ಕೊರೆಯಬೇಕಾಗುವುದಿಲ್ಲ, ಏಕೆಂದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟುಗಳು ಫ್ಲೋರೈಡಿನ ನೆರವಿನಿಂದ ಆ ಜಾಗವನ್ನು ಮತ್ತೆ ಗಟ್ಟಿಗೊಳಿಸಬಲ್ಲವು. ಆದ್ದರಿಂದ ಮೊದಲ ಖರ್ಚು ಒಂದು ಸಾಧಾರಣ ಫ್ಲೋರೈಡ್ ಪೇಸ್ಟಿನದು. ಟ್ಯೂಬಿನ ಮೇಲೆ ಫ್ಲೋರೈಡಿನ ಪ್ರಮಾಣ ಸುಮಾರು 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಎಂದಿದೆಯೇ ನೋಡಿಕೊಳ್ಳಿ. ಗಿಡಮೂಲಿಕೆಯ ಹೆಸರಿನ ಎಷ್ಟೋ ಪೇಸ್ಟು, ಹಲ್ಲುಪುಡಿಗಳಲ್ಲಿ ಫ್ಲೋರೈಡೇ ಇರುವುದಿಲ್ಲ, ಬೆಲೆ ಮಾತ್ರ ಕಡಿಮೆಯೇನಲ್ಲ. ಬಟಾಣಿ ಕಾಳಿನಷ್ಟು ಪೇಸ್ಟಿನಿಂದ ಬೆಳಿಗ್ಗೆ ಮತ್ತು ಮಲಗುವ ಮುನ್ನ ನೀವೇ ಉಜ್ಜಿಸಿ. ನೊರೆ ಉಗುಳಿಸಿ, ಆದರೆ ನೀರು ಹಾಕಿ ಬಾಯಿ ಮುಕ್ಕಳಿಸಲು ಬಿಡಬೇಡಿ.

ತೋರಿಸುವುದಕ್ಕೆ ಹಾಸನದ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬನ್ನಿ. ಇಂಥ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುವುದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ, ಹಣ ಕಡಿಮೆ ಸಾಕಾಗುತ್ತದೆ. ಬುತ್ತಿ ಕಟ್ಟಿಕೊಂಡೇ ಬರುವುದು ಒಳ್ಳೆಯದು. ಮಕ್ಕಳ ದಂತ ವಿಭಾಗದಲ್ಲಿ ಫ್ಲೋರೈಡ್ ವಾರ್ನಿಶ್, ಅಂದರೆ ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪದ ಬಗ್ಗೆ ಕೇಳಿ. ಬಳಿಯಲು ಕೆಲವೇ ನಿಮಿಷ ಸಾಕು, ಮೂರರಿಂದ ಆರು ತಿಂಗಳಿಗೊಮ್ಮೆ ಪುನಃ ಬಳಿಯುತ್ತಾರೆ. ಕಪ್ಪು ಗೆರೆಯ ದವಡೆ ಹಲ್ಲನ್ನು ಮಾತ್ರ ಮುಂದೂಡಬೇಡಿ: ಆರನೆಯ ವಯಸ್ಸಿನ ಸುಮಾರಿಗೆ ಹಿಂದುಗಡೆ ಹುಟ್ಟುವ ಆ ಹಲ್ಲನ್ನು ಹಲವರು ಹಾಲುಹಲ್ಲೆಂದು ತಿಳಿಯುತ್ತಾರೆ, ಅದು ಶಾಶ್ವತ ಹಲ್ಲು. ಗೀರು ಮಾತ್ರ ಆಳವಾಗಿದ್ದರೆ ಸೀಲೆಂಟ್ (ಗೀರನ್ನು ಮುಚ್ಚುವ ತೆಳು ಲೇಪ), ಸಣ್ಣ ಗುಂಡಿಯಾಗಿದ್ದರೆ ಗ್ಲಾಸ್ ಅಯೊನೋಮರ್ ಸಿಮೆಂಟು (ಗುಂಡಿಗೆ ತುಂಬುವ ಒಂದು ಬಗೆಯ ಸಿಮೆಂಟು) ಸಾಕಾಗಬಹುದು; ಹುಳುಕು ಒಳಗಿನ ನರದವರೆಗೆ ಇಳಿದರೆ ಬೇರುನಾಳದ ಚಿಕಿತ್ಸೆಯೇ ಬೇಕಾಗಿ, ವೆಚ್ಚ ಹಲವು ಪಟ್ಟಾಗುತ್ತದೆ.

ಕಡೂರಿನಿಂದ:
ನೀವು ಕುಡಿಯುವುದು ಕೊಳವೆಬಾವಿಯ ನೀರೇ? ನಮ್ಮ ಕಡೂರು, ನಿಮ್ಮ ಅರಸೀಕೆರೆ ಭಾಗದ ಕೆಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದರಿಂದಲೂ ಹಲ್ಲಿನ ಮೇಲೆ ಬಿಳಿ ಮಚ್ಚೆ ಮೂಡುತ್ತದೆ. ಅದು ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ, ಹಲ್ಲಿನಗಲಕ್ಕೂ ಹರಡಿರುವುದು ಸಾಮಾನ್ಯ. ಹುಳುಕಿನದು ಪಾಚಿ ನಿಲ್ಲುವ ವಸಡಿನ ಅಂಚಿನಲ್ಲಿರುತ್ತದೆ. ನೀವು ಹೇಳಿದ್ದು ಎರಡನೆಯದನ್ನೇ ಹೋಲುತ್ತದೆಯಾದರೂ ವೈದ್ಯರಿಗೆ ನೀರಿನ ವಿಷಯ ತಿಳಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದು, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಸಕಲೇಶಪುರದಿಂದ:
ಸಿಹಿ ಎಷ್ಟು ತಿಂದರು ಎಂಬುದರ ಜೊತೆಗೆ ಎಷ್ಟು ಸಲ ತಿಂದರು ಎಂಬುದೂ ಮುಖ್ಯ. ಬೆಲ್ಲದ ಕಾಫಿಯೂ ಇದರಲ್ಲಿ ಸೇರುತ್ತದೆ, ಬೆಲ್ಲ ಹಲ್ಲಿಗೆ ನಿರಪಾಯವೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಸಿಹಿಯನ್ನು ಊಟದ ಜೊತೆಗೇ ಕೊಟ್ಟುಬಿಡಿ, ರಾತ್ರಿ ಹಲ್ಲುಜ್ಜಿದ ಮೇಲೆ ನೀರನ್ನಷ್ಟೇ ಕೊಡಿ. ಇನ್ನು, ದಂತಭಾಗ್ಯ ಯೋಜನೆಯಲ್ಲಿ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಅದಕ್ಕಾಗಿ ಅಲೆಯಬೇಡಿ. ಅದು ಹಲ್ಲಿಲ್ಲದ ಬಡ ಹಿರಿಯರಿಗೆ ಹಲ್ಲಿನ ಸೆಟ್ ಕೊಡಿಸಲು ಬಂದ ಯೋಜನೆ.