ವಿಜಯಪುರಕ್ಕೆ ಒಂದೇ ದಿನ ಸಿಕ್ಕರೆ ಏನು ನೋಡಬೇಕು?

ಅಮ್ಮನ ಜೊತೆ ಹೋಗುತ್ತಿದ್ದೇನೆ, ಅವರಿಗೆ ಮಂಡಿನೋವು. ಗೋಳಗುಮ್ಮಟ ಬಿಟ್ಟು ಏನೇನಿದೆ?

ಉತ್ತರ 1: ಗುಮ್ಮಟ ಬಿಡಬೇಡಿ, ಬೆಳಗ್ಗೆ ಬೇಗ ಹೋಗಿ. ಆಮೇಲೆ ಜನ ಸೇರಿ, ಪಿಸುಗುಟ್ಟಿದರೂ ಆಚೆ ಬದಿಗೆ ಕೇಳುವ ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಬರೀ ಕಿರುಚಾಟ. ಮೇಲೆ ಹತ್ತಲು ಏಳು ಅಂತಸ್ತಿನ ಇಕ್ಕಟ್ಟು ಮೆಟ್ಟಿಲು, ಅಮ್ಮನಿಗೆ ಬೇಡ. ಕೆಳಗೆ ನಿಂತು ತಲೆ ಎತ್ತಿದರೂ ಸಾಕು, ಅಷ್ಟು ದೊಡ್ಡ ಗುಮ್ಮಟಕ್ಕೆ ಒಳಗೆ ಒಂದು ಕಂಬವೂ ಇಲ್ಲ!

ಉತ್ತರ 2: ನನ್ನನ್ನು ಕೇಳಿದರೆ ಸುಲ್ತಾನ ಇಬ್ರಾಹಿಂ ಆದಿಲ್ ಶಾಹನ ಗೋರಿ ಇಬ್ರಾಹಿಂ ರೋಜಾನೇ ಚೆಂದ. ಕಿಟಕಿಯ ಕಲ್ಲಿನ ಜಾಲಿಯಲ್ಲಿ ಅಕ್ಷರಗಳನ್ನೇ ಕೊರೆದಿದ್ದಾರೆ, ಅವುಗಳ ಸಂದಿಯಿಂದಲೇ ಬೆಳಕು ಒಳಗೆ ಬರುತ್ತದೆ. ಜನ ಸುಮ್ನೆ ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ.

ಉತ್ತರ 3: 1549ರ ಮಲಿಕ್-ಎ-ಮೈದಾನ್ ತೋಪನ್ನೂ ನೋಡಿ. ತೋಪಿನ ಬಾಯಲ್ಲಿ ಸಿಂಹ ಆನೆಯನ್ನು ಜಗಿಯುತ್ತಿದೆ. ಬಾರಾ ಕಮಾನ್ ಅರ್ಧಕ್ಕೆ ನಿಂತ ಗೋರಿ, ಸಂಜೆಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಂತೂ ಹೋಗಲೇಬೇಡಿ.