ಪಿತೃಪಕ್ಷದಲ್ಲಿ ದೆವ್ವದ ಪುಸ್ತಕ

ನಮ್ಮ 'ಹಳೇಮನೆ ಬಳಗ' ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಗುಡ್ ಮಾರ್ನಿಂಗ್ ಹೂವು, ಮದುವೆ ಕರೆಯೋಲೆ, ಅಡಿಕೆ ರೇಟು, ಇಷ್ಟೇ. ಹೋದ ಭಾನುವಾರ ನಾನು ಒಂದು ಪುಸ್ತಕದ ಬಗ್ಗೆ ಬರೆದು ಹಾಕಿದೆ. ಆಮೇಲೆ ಆದದ್ದು ಕೆಳಗಿದೆ. ಅಳಿಸಿದ ಮೆಸೇಜುಗಳನ್ನು ಬಿಟ್ಟಿದ್ದೇನೆ, ಅವೆಲ್ಲ ದೊಡ್ಡಪ್ಪನವು.

ನಾನು: ದೊಡ್ಡವರು ಓದಬೇಕಾದ ಒಂದು ಕಾಮಿಕ್ಸ್! ಹೆಸರು 'ಫೀಡಿಂಗ್ ಘೋಸ್ಟ್ಸ್'. ಬರೆದು ಚಿತ್ರವನ್ನೂ ಹಾಕಿದವರು ಅಮೆರಿಕದ ಟೆಸ್ಸಾ ಹಲ್ಸ್. 2024ರಲ್ಲಿ ಬಂತು, 2025ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಎಲ್ಲಾ ನಿಜ ಕಥೆ. ಅಜ್ಜಿ ಸುನ್ ಯಿ ಶಾಂಘೈನಲ್ಲಿ ಪತ್ರಕರ್ತೆ. 1949ರಲ್ಲಿ ಕಮ್ಯುನಿಸ್ಟರ ಆಡಳಿತ ಬಂದ ಮೇಲೆ ಪಡಬಾರದ ಪಾಡು ಪಟ್ಟು, ಪುಟ್ಟ ಮಗಳನ್ನು ಕರೆದುಕೊಂಡು ಹಾಂಗ್‌ಕಾಂಗ್‌ಗೆ ತಪ್ಪಿಸಿಕೊಂಡು ಬರುತ್ತಾಳೆ. ತನ್ನ ಕಥೆ ಬರೆಯುತ್ತಾಳೆ, ಪುಸ್ತಕ ಚೆನ್ನಾಗಿ ಮಾರಾಟ ಆಗುತ್ತದೆ, ಆಮೇಲೆ ಮನಸ್ಸಿನ ಸ್ಥಿಮಿತವೇ ತಪ್ಪಿಹೋಗುತ್ತದೆ. ಮಗಳು ರೋಸ್ ಅಮೆರಿಕಕ್ಕೆ ಹೋಗಿ ನೆಲೆ ನಿಂತು ತಾಯಿಯನ್ನೂ ಕರೆಸಿಕೊಳ್ಳುತ್ತಾಳೆ. ಮೊಮ್ಮಗಳು ಟೆಸ್ಸಾ ಇದನ್ನೆಲ್ಲ ಹುಡುಕಿಕೊಂಡು ಹೊರಡುತ್ತಾಳೆ. ಸರೋಜತ್ತೆ, ನೀವಂತೂ ಓದಲೇಬೇಕು. ಐದಕ್ಕೆ ಐದು ನಕ್ಷತ್ರ.

ದೊಡ್ಡಪ್ಪ: ಇದು ಫ್ಯಾಮಿಲಿ ಗ್ರೂಪ್. 'ದೊಡ್ಡವರ' ಕಾಮಿಕ್ಸ್ ಎಲ್ಲ ಇಲ್ಲಿ ಹಾಕಬಾರದು. ಮಕ್ಕಳೂ ಇದ್ದಾರೆ. ದಯವಿಟ್ಟು ಡಿಲೀಟ್ ಮಾಡು.

ನಾನು: ಅಯ್ಯೋ ದೊಡ್ಡಪ್ಪ, ದೊಡ್ಡವರು ಅಂದರೆ ವಯಸ್ಸಾದವರು ಓದುವಂಥದ್ದು ಅಂತ. ನೀವು ಅಂದುಕೊಂಡದ್ದಲ್ಲ!

ದೊಡ್ಡಪ್ಪ: ನಾನು ಏನೂ ಅಂದುಕೊಂಡಿಲ್ಲ.

ಸರೋಜತ್ತೆ: 😀😀

ದೊಡ್ಡಪ್ಪ: ಅದಿರಲಿ. ದೆವ್ವಕ್ಕೆ ಊಟ ಹಾಕುವುದು ಅಂತ ಯಾರಾದರೂ ಪುಸ್ತಕಕ್ಕೆ ಹೆಸರಿಡುತ್ತಾರಾ? ಅದೂ ಪಿತೃಪಕ್ಷ ನಡೆಯುತ್ತಿರುವಾಗ ಗುಂಪಿನಲ್ಲಿ ಫೋಟೋ ಹಾಕುತ್ತೀಯ.

ಸರೋಜತ್ತೆ: ಅಣ್ಣಾ, ಮಹಾಲಯಕ್ಕೆ ನಾವು ಮಾಡುವುದಾದರೂ ಏನು? ಪಿಂಡ ಇಟ್ಟು ಕಾಗೆ ಬರಲಿ ಅಂತ ಹಿತ್ತಲಲ್ಲಿ ನಿಂತು ಕಾಯುವುದಿಲ್ವಾ?

ದೊಡ್ಡಪ್ಪ: ಪಿತೃಗಳು ಬೇರೆ, ದೆವ್ವ ಬೇರೆ. ಶಾಸ್ತ್ರ ಗೊತ್ತಿಲ್ಲದೆ ಮಾತಾಡಬೇಡ ಸರೋಜ.

ಸರೋಜತ್ತೆ: ಸರಿಯಪ್ಪ. ಅನು, ಆ ಅಜ್ಜಿಗೆ ಕೊನೆಗೆ ವಾಸಿ ಆಯಿತಾ?

ನಾನು: ಇಲ್ಲ ಅತ್ತೆ. ರೋಸ್ ಕೊನೇವರೆಗೂ ನೋಡಿಕೊಂಡರು. ಹಾಗೆ ನೋಡಿಕೊಳ್ಳುವ ಮನೆಯಲ್ಲಿ ಬೆಳೆದ ಹುಡುಗಿಗೆ ಏನಾಗುತ್ತದೆ ಅನ್ನುವುದೇ ಪುಸ್ತಕ. ಅಮ್ಮನಿಂದ ಎಷ್ಟು ದೂರ ಓಡಿಹೋಗಲಿ ಅಂತ ಇರುತ್ತಾಳೆ ಅವಳು.

ರಾಘು: ಅನಕ್ಕ, ಬೇಜಾರು ಮಾಡಿಕೊಳ್ಳಬೇಡ. ನೀನು ಇಷ್ಟುದ್ದ ಬರೆದದ್ದರಲ್ಲಿ ಚಿತ್ರದ ಬಗ್ಗೆ ಒಂದು ಮಾತಾದರೂ ಇದೆಯಾ?

ನಾನು: 'ಚಿತ್ರವನ್ನೂ ಹಾಕಿದವರು' ಅಂತ ಇದೆಯಲ್ಲ.

ರಾಘು: ಅಷ್ಟೇ! ಸಿನಿಮಾ ನೋಡಿ ಬಂದು 'ಕ್ಯಾಮೆರಾವನ್ನೂ ಇಟ್ಟಿದ್ದರು' ಅಂದ ಹಾಗಾಯಿತು. ಕಾಮಿಕ್ಸ್ ವಿಮರ್ಶೆ ಬರೆಯುವವರು ಮುಕ್ಕಾಲು ಪಾಲು ಇದನ್ನೇ ಮಾಡುವುದು. ಕಥೆ ಹೇಳು, ಪ್ರಶಸ್ತಿ ಹೇಳು, ನಕ್ಷತ್ರ ಕೊಡು, ಮುಗೀತು. ಆ ಪುಸ್ತಕ ಕಪ್ಪು ಬಿಳುಪಾ ಬಣ್ಣದ್ದಾ ಅಂತ ಕೂಡ ನೀನು ಬರೆದಿಲ್ಲ.

ನಾನು: ಕಪ್ಪು ಬಿಳುಪು. ಈಗ ಸಮಾಧಾನವಾ?

ರಾಘು: ಇಲ್ಲ. ಹೋದ ತಿಂಗಳು ನಿನ್ನ ರೂಮಿಗೆ ಬಂದಿದ್ದಾಗ ನಾನೂ ತೆಗೆದು ನೋಡಿದೆ. ಪುಟದ ತುಂಬ ಅಕ್ಷರ. ಚಿತ್ರ ಹೇಳಬೇಕಾದ್ದನ್ನು ಎಷ್ಟೋ ಕಡೆ ಅಕ್ಷರವೇ ಹೇಳಿಬಿಡುತ್ತದೆ. ನಿನಗೆ ಅದು ಇಷ್ಟ ಆಗಿರಬಹುದು, ಆಗಲಿ. ಆದರೆ ಓದುವವರಿಗೆ ಅದನ್ನು ಮೊದಲೇ ಹೇಳಬೇಕು ಅಲ್ವಾ? ಮುಚ್ಚಿಟ್ಟು ಐದು ನಕ್ಷತ್ರ ಕೊಟ್ಟರೆ ಅದು ಜಾಹೀರಾತು.

ನಾನು: ನೀನು ಎಷ್ಟು ಪುಟ ಓದಿದೆ?

ರಾಘು: ಅದು ಪ್ರಶ್ನೆ ಅಲ್ಲ.

ನಾನು: ಅದೇ ಪ್ರಶ್ನೆ. ಹತ್ತಿರ ಹತ್ತಿರ ನಾನೂರು ಪುಟದ ಪುಸ್ತಕ. ನೀನು ನೂಡಲ್ಸ್ ಬೇಯುವಷ್ಟು ಹೊತ್ತು ತಿರುಗಿಸಿ ನೋಡಿ ಇಟ್ಟೆ. ಅಕ್ಷರ ಜಾಸ್ತಿ ಯಾಕೆ ಅಂದರೆ ಆ ಹುಡುಗಿಗೇ ಅಜ್ಜಿಯ ಭಾಷೆ ಬರುವುದಿಲ್ಲ, ಚೀನಾದ ಇತಿಹಾಸ ಗೊತ್ತಿಲ್ಲ, ತಾನು ಒಂದೊಂದಾಗಿ ತಿಳಿದುಕೊಂಡದ್ದನ್ನು ನಮಗೂ ಹೇಳಬೇಕು. ಬರೀ ಚಿತ್ರದಲ್ಲಿ ಅದನ್ನೆಲ್ಲ ಹೇಗೆ ಹೇಳುವುದು? ಇನ್ನೊಂದು ವಿಷಯ, ನಾನು ಬರೆದದ್ದು ನಮ್ಮ ಮನೆಯವರಿಗೆ, ನಿನ್ನ ಆರ್ಟ್ ಕಾಲೇಜಿಗಲ್ಲ. ಮೊದಲ ಸಾಲಿನಲ್ಲೇ ಚೌಕ, ಗೆರೆ, ಮಸಿ ಅಂತ ಶುರು ಮಾಡಿದ್ದರೆ ಸರೋಜತ್ತೆ ಕೇಳುತ್ತಿದ್ದರಾ ಅಜ್ಜಿಗೆ ವಾಸಿ ಆಯಿತಾ ಅಂತ?

ಸರೋಜತ್ತೆ: ನನ್ನನ್ನು ಮಧ್ಯೆ ಎಳೆಯಬೇಡಿ.

ದೊಡ್ಡಪ್ಪ: ಬೆಲೆ ಎಷ್ಟು?

ನಾನು: ಸಾವಿರ ದಾಟಿತು ದೊಡ್ಡಪ್ಪ.

ದೊಡ್ಡಪ್ಪ: ಚಿತ್ರದ ಪುಸ್ತಕಕ್ಕೆ!! ಎರಡು ಗಂಟೆಯಲ್ಲಿ ಓದಿ ಮುಗಿಯುತ್ತದೆ. ಅದೇ ದುಡ್ಡಿಗೆ ಒಳ್ಳೆಯ ಕಾದಂಬರಿ ಮೂರು ಬರುತ್ತವೆ.

ನಾನು: ಎರಡು ಗಂಟೆ ಅಲ್ಲ, ನನಗೆ ಎರಡು ವಾರ ಹಿಡಿಯಿತು. ಅವರಿಗೆ ಮಾಡಲು ಹತ್ತಿರ ಹತ್ತಿರ ಹತ್ತು ವರ್ಷ. ಇನ್ನೊಂದು ಗ್ರಾಫಿಕ್ ಪುಸ್ತಕ ಮಾಡುವುದಿಲ್ಲ ಅಂತಲೂ ಹೇಳಿದ್ದಾರೆ. ಪುಲಿಟ್ಜರ್ ಬಂತು ಅಂತ ಸುದ್ದಿ ಬಂದಾಗ ಎಲ್ಲಿದ್ದರು ಗೊತ್ತಾ? ಅಲಾಸ್ಕಾದ ಶಾಸನಸಭೆಯ ಕಟ್ಟಡದಲ್ಲಿ ಅಡುಗೆ ಕೆಲಸ ಮಾಡುತ್ತಿದ್ದರು.

ದೊಡ್ಡಪ್ಪ: ಅದನ್ನೇ ಹೇಳಿದ್ದು. ಚಿತ್ರ ಬರೆದು ಹೊಟ್ಟೆ ತುಂಬುವುದಿಲ್ಲ. ರಾಘು ನೋಡಿದೆಯಾ?

ರಾಘು: ಜಗಳ ಇಷ್ಟು ಬೇಗ ನನ್ನ ಕೋರ್ಸಿನ ಮೇಲೆ ಬರುತ್ತದೆ ಅಂದುಕೊಂಡಿರಲಿಲ್ಲ ದೊಡ್ಡಪ್ಪ 🙏

ಅಮ್ಮ: ಅನು ಊಟ ಆಯ್ತಾ? ಮಧ್ಯಾಹ್ನದಿಂದ ಫೋನಲ್ಲೇ ಇದ್ದೀಯ.

(ಇಲ್ಲಿ ಎರಡು ಗಂಟೆ ಬಿಡುವು. ದೊಡ್ಡಪ್ಪ ಮಲಗಿ ಏಳುವ ಹೊತ್ತು. ಸಂಜೆ ಆರರ ಮೇಲೆ ನ್ಯೂಜೆರ್ಸಿಯಲ್ಲಿ ಬೆಳಗಾಯಿತು.)

ವಿನಯಣ್ಣ: ಎದ್ದು ನೋಡಿದರೆ ಇಷ್ಟೊಂದು ಮೆಸೇಜು. ಯಾರಿಗೋ ಏನೋ ಆಯಿತು ಅಂತ ಹೆದರಿದ್ದೆ. ಅಪ್ಪ, ನೀವು ಬೆಳಿಗ್ಗೆ ಡಿಲೀಟ್ ಮಾಡು ಅಂದಿರಲ್ಲ, ಟೆನೆಸ್ಸೀ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿಯವರೂ 2022ರ ಜನವರಿಯಲ್ಲಿ ಅದನ್ನೇ ಮಾಡಿದರು. 'ಮೌಸ್' ಅನ್ನುವ ಪುಸ್ತಕವನ್ನು ಪಾಠದಿಂದ ತೆಗೆದರು. ಬೈಗುಳ ಇದೆ, ಒಂದು ಬೆತ್ತಲೆ ಚಿತ್ರ ಇದೆ ಅಂತ. ಹತ್ತು ಜನ ಓಟು ಹಾಕಿದರು, ಹತ್ತೂ ತೆಗೆಯಿರಿ ಅಂತಲೇ. ಆಮೇಲೆ ಆದದ್ದೇನು? ಇಡೀ ದೇಶದಲ್ಲಿ ಜನ ಅದನ್ನು ಹುಡುಕಿಕೊಂಡು ಹೋಗಿ ಕೊಂಡರು.

ದೊಡ್ಡಪ್ಪ: ಅದರಲ್ಲಿ ಏನಿದೆ ಅಂಥದ್ದು?

ವಿನಯಣ್ಣ: ಹಿಟ್ಲರನ ಕಾಲದಲ್ಲಿ ಯಹೂದಿಗಳಿಗೆ ಆದದ್ದು. ಆರ್ಟ್ ಸ್ಪೀಗಲ್‌ಮನ್ ತನ್ನ ಅಪ್ಪನನ್ನು ಕೂರಿಸಿಕೊಂಡು ಕೇಳಿ ಕೇಳಿ ಮಾಡಿದ್ದು. ಯಹೂದಿಗಳು ಇಲಿ, ಜರ್ಮನರು ಬೆಕ್ಕು, ಪೋಲೆಂಡಿನವರು ಹಂದಿ. 1992ರಲ್ಲಿ ಅದಕ್ಕೂ ಪುಲಿಟ್ಜರ್ ಕೊಟ್ಟರು, ವಿಶೇಷ ಪ್ರಶಸ್ತಿ. ಕಾಮಿಕ್ಸ್ ಅಂದರೆ ಮಕ್ಕಳದ್ದು ಅನ್ನುತ್ತಿದ್ದವರ ಬಾಯಿ ಮುಚ್ಚಿಸಿದ ಪುಸ್ತಕ ಅದು.

ದೊಡ್ಡಪ್ಪ: ಲಕ್ಷಾಂತರ ಜನ ಸತ್ತದ್ದನ್ನು ಇಲಿ ಬೆಕ್ಕು ಮಾಡಿ ತೋರಿಸುವುದು ತಮಾಷೆ ಅಲ್ವಾ?

ರಾಘು: ಬಂತು ನೋಡಿ! ದೊಡ್ಡಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಚಿತ್ರದ ಬಗ್ಗೆ ಈ ಗುಂಪಿನಲ್ಲಿ ಇವತ್ತು ಬಂದ ಮೊದಲನೇ ಪ್ರಶ್ನೆ.

ದೊಡ್ಡಪ್ಪ: ಹೊಗಳಬೇಡ, ಉತ್ತರ ಹೇಳು.

ರಾಘು: ಅಪ್ಪ ವ್ಲಾಡೆಕ್ ಪೋಲೆಂಡಿನವನ ಥರ ನಟಿಸಿ ಬೀದಿಯಲ್ಲಿ ತಪ್ಪಿಸಿಕೊಂಡು ಓಡಾಡಬೇಕು. ಆಗ ಸ್ಪೀಗಲ್‌ಮನ್ ಅವನನ್ನು ಹಂದಿಯಾಗಿ ಬರೆಯುವುದಿಲ್ಲ. ಇಲಿಗೆ ಹಂದಿಯ ಮುಖವಾಡ ಕಟ್ಟುತ್ತಾನೆ, ಹಿಂದೆ ದಾರ ಕಾಣುತ್ತದೆ. ದಾರ ಬಿಚ್ಚಿಕೊಂಡರೆ ಸತ್ತ! ಅಷ್ಟು ಹೆದರಿಕೆಯನ್ನು ಒಂದು ಮಾತೂ ಇಲ್ಲದೆ ಹೇಳಿದ. ಇದು ತಮಾಷೆಯಾ ನೀವೇ ಹೇಳಿ. ಇನ್ನೊಂದು, ಸಾಮಾನ್ಯವಾಗಿ ಕಾಮಿಕ್ಸ್ ಚಿತ್ರವನ್ನು ದೊಡ್ಡದಾಗಿ ಬರೆದು ಅಚ್ಚಿನಲ್ಲಿ ಚಿಕ್ಕದು ಮಾಡುತ್ತಾರೆ, ಗೆರೆ ನೀಟಾಗಿ ಕಾಣಲಿ ಅಂತ. ಇವನು ಪುಸ್ತಕದಲ್ಲಿ ಎಷ್ಟು ದೊಡ್ಡದು ಕಾಣುತ್ತದೋ ಅಷ್ಟೇ ಅಳತೆಯಲ್ಲಿ ಫೌಂಟನ್ ಪೆನ್ನಿನಲ್ಲಿ ಬರೆದ. ಅದಕ್ಕೇ ಓದುವಾಗ ಯಾರದೋ ಡೈರಿ ಕದ್ದು ಓದಿದ ಹಾಗೆ ಆಗುವುದು. ವಿಮರ್ಶೆಯಲ್ಲಿ ಇದು ಬರಲಿ ಅನ್ನುತ್ತಿದ್ದೇನೆ. ಕಥೆಯನ್ನು ಪುಸ್ತಕದ ಹಿಂಬದಿಯಲ್ಲೇ ಅಚ್ಚು ಹಾಕಿರುತ್ತಾರೆ.

ವಿನಯಣ್ಣ: ಆ ದಾರ ನಾನು ನೋಡಿಯೇ ಇರಲಿಲ್ಲ ಮಾರಾಯ. ಎರಡು ಸಲ ಓದಿದ್ದೇನೆ.

ನಾನು: ಸರಿ, ಅದು ಚೆನ್ನಾಗಿದೆ. ಒಪ್ಪಿದೆ. ಆದರೆ ನೀನು ಹೇಳಿದ ದಾರ ನಮಗೆ ತಟ್ಟಿದ್ದು ವಿನಯಣ್ಣ ಮೊದಲು ಕಥೆ ಹೇಳಿದ್ದರಿಂದ. ಬರೀ ದಾರ ಹಿಡಿದುಕೊಂಡು ಏನು ಮಾಡುವುದು?

ರಾಘು: ಹಾಗಾದರೆ ಅಪ್ಪುಪೆನ್ ಅವರ 'ಲೆಜೆಂಡ್ಸ್ ಆಫ್ ಹಲಾಹಲ' ಬಗ್ಗೆ ಬರೆದು ತೋರಿಸು. ಬೆಂಗಳೂರಿನಲ್ಲೇ ಕೆಲಸ ಮಾಡುವ ಕಲಾವಿದರು, 2013ರ ಪುಸ್ತಕ. ಅದರ ಕಥೆಗಳಲ್ಲಿ ಮಾತೇ ಇಲ್ಲ. ಯಾರೂ ಬಾಯಿ ಬಿಡುವುದಿಲ್ಲ. ಆಗ ಏನು ಬರೆಯುತ್ತೀಯ? ಬರೀ ನಕ್ಷತ್ರ?

ನಾನು: ಐದು ಕೊಡುತ್ತೇನೆ, ನೀನು ಹೇಳಿದೆ ಅಂತ 😏

ಸರೋಜತ್ತೆ: ಮಾತಿಲ್ಲದ ಪುಸ್ತಕ ನಿಮ್ಮ ದೊಡ್ಡಪ್ಪನಿಗೆ ಕೊಡಿ. ಮನೆಯಲ್ಲಿ ಸ್ವಲ್ಪ ಶಾಂತಿ ಇರುತ್ತದೆ.

ದೊಡ್ಡಪ್ಪ: ಎಲ್ಲಾ ಅಮೆರಿಕ, ಜರ್ಮನಿ, ಹಲಾಹಲ. ನಮ್ಮ ಜನದ್ದು, ನಮ್ಮ ಮಣ್ಣಿನದ್ದು ಒಂದಾದರೂ ಇದೆಯಾ? ನಮಗೆ ಅಮರ ಚಿತ್ರಕಥೆ ಇತ್ತು. ಹತ್ತು ಪುಟದಲ್ಲಿ ನೀತಿ ಗೊತ್ತಾಗುತ್ತಿತ್ತು.

ನಾನು: ಹತ್ತಲ್ಲ, ಮೂವತ್ತು ಚಿಲ್ಲರೆ. ಒಂದು ವಿಷಯ ಹೇಳಲಾ? ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕ ವಿದೇಶಿ ಕಥೆಗಳು, ಸಿಂಡರೆಲಾ ಥರದ್ದು. ಕೃಷ್ಣನ ನಂಬರು ಹನ್ನೊಂದು.

ದೊಡ್ಡಪ್ಪ: ಸುಳ್ಳು.

ವಿನಯಣ್ಣ: ನಿಜ ಅಪ್ಪ.

ರಾಘು: ದೊಡ್ಡಪ್ಪ, ಇದೆ. 'ಭೀಮಾಯಣ', 2011ರಲ್ಲಿ ಬಂತು. ಅಂಬೇಡ್ಕರ್ ಅವರ ಬದುಕು. ಚಿತ್ರ ಬರೆದವರು ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್, ಮಧ್ಯಪ್ರದೇಶದ ಗೊಂಡ ಕಲಾವಿದರು. ದುರ್ಗಾಬಾಯಿಗೆ ಆಮೇಲೆ ಪದ್ಮಶ್ರೀ ಕೂಡ ಬಂತು. ಅವರು ಕಾಮಿಕ್ಸ್ ಥರ ಚೌಕದ ಒಳಗೆ ಜನರನ್ನು ಕೂಡಿ ಹಾಕುವುದಿಲ್ಲ ಅಂದುಬಿಟ್ಟರು. ಅವರ ಕಡೆ ಮನೆಗೋಡೆಗೆ, ನೆಲಕ್ಕೆ ಬಿಡಿಸುವ ದಿಗ್ನಾ ಅನ್ನುವ ರಂಗೋಲಿ ಥರದ ಗೆರೆ ಇದೆ, ಅದೇ ಪುಟದಲ್ಲಿ ಹರಿದುಕೊಂಡು ಹೋಗಿ ಒಂದು ಘಟನೆಯಿಂದ ಇನ್ನೊಂದನ್ನು ಬೇರೆ ಮಾಡುತ್ತದೆ. ಅದಕ್ಕಿಂತ ಹೆಚ್ಚಾಗಿ ಮಾತಿನ ಗುಳ್ಳೆ ನೋಡಬೇಕು ನೀವು. ಒಳ್ಳೆಯವರು, ನೊಂದವರು ಮಾತಾಡಿದರೆ ಗುಳ್ಳೆ ಹಕ್ಕಿಯ ಆಕಾರ. ಜಾತಿಯ ವಿಷ ಕಾರುವವರು ಮಾತಾಡಿದರೆ ಆ ಗುಳ್ಳೆಗೆ ಚೇಳಿನ ಬಾಲ.

ಸರೋಜತ್ತೆ: ಚೇಳಿನ ಬಾಲ ಅಂದರೆ ಕೊಂಡಿ?

ರಾಘು: ಹೂಂ ಅತ್ತೆ, ಕೊಂಡಿ. ನೀರು ಕೊಡುವುದಿಲ್ಲ ಹೋಗು ಅಂತ ಪುಟ್ಟ ಹುಡುಗ ಅಂಬೇಡ್ಕರ್‌ಗೆ ಹೇಳುವ ಮಾತಿಗೆ ಕೊಂಡಿ. ಓದುವುದಕ್ಕೆ ಮೊದಲೇ ಕಣ್ಣಿಗೆ ಕುಟುಕುತ್ತದೆ.

ಸರೋಜತ್ತೆ: ಮೂವತ್ತು ವರ್ಷ ಪಾಠ ಮಾಡಿದೆ. ಅಂಬೇಡ್ಕರ್ ಪಾಠ ಪ್ರತಿ ವರ್ಷ. ಹುಟ್ಟಿದ ಊರು, ಇಸವಿ, ಸಂವಿಧಾನ ಅಂತ ಬೋರ್ಡಿನ ಮೇಲೆ ಬರೆಸಿದ್ದೇ ಬರೆಸಿದ್ದು. ಆ ಕೊಂಡಿ ಒಂದು ತೋರಿಸಿದ್ದರೆ ಸಾಕಿತ್ತು.

ಇಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ 'ಟೈಪಿಂಗ್' ಅಂತ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ದೊಡ್ಡಪ್ಪ: ಚೆನ್ನಾಗಿಲ್ಲ ಅಂತ ನಾನು ಹೇಳಲಿಲ್ಲ. ದುಬಾರಿ ಅಂದೆ.

ಸರೋಜತ್ತೆ: ಅಣ್ಣಾ, ನೀನು ಪಿಯುಸಿಯಲ್ಲಿ ಇರುವಾಗ ಗಣಿತದ ಪುಸ್ತಕದೊಳಗೆ ಇಂದ್ರಜಾಲ ಕಾಮಿಕ್ಸ್ ಇಟ್ಟುಕೊಂಡು ಓದುತ್ತಿದ್ದೆ. ಅಪ್ಪಯ್ಯನ ಕೈಗೆ ಸಿಕ್ಕಿಬಿದ್ದದ್ದು ಹೇಳಲಾ ಮಕ್ಕಳಿಗೆ?

ವಿನಯಣ್ಣ: ಏನು!!!

ದೊಡ್ಡಪ್ಪ: ಅದು ಫ್ಯಾಂಟಮ್. ಬೇರೆ ವಿಷಯ. ಡೆಂಕಾಲಿಯ ಕಾಡು, ತಲೆಬುರುಡೆಯ ಗುಹೆ. ಅದರ ಗತ್ತೇ ಬೇರೆ.

ನಾನು: ಯಾವ ಕಥೆ ಇಷ್ಟ ದೊಡ್ಡಪ್ಪ?

ದೊಡ್ಡಪ್ಪ: ಕಥೆ ಯಾವುದೂ ಈಗ ನೆನಪಿಲ್ಲಮ್ಮ. ಐವತ್ತು ವರ್ಷ ಆಯಿತು. ಅವನು ಕಳ್ಳನ ದವಡೆಗೆ ಒಂದು ಬಿಟ್ಟರೆ ಉಂಗುರದ ತಲೆಬುರುಡೆ ಗುರುತು ಅಚ್ಚು ಬೀಳುತ್ತಿತ್ತಲ್ಲ. ಅದು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಜಾತ್ರೆಯಲ್ಲಿ ಅಂಥ ಉಂಗುರ ಹುಡುಕಿದ್ದೆ.

ರಾಘು: ಅನಕ್ಕ?

ನಾನು: ಓದಿದೆ. ಸುಮ್ನಿರು.

ರಾಘು: ನಾನೇನೂ ಹೇಳಲಿಲ್ಲ 😌

ನಾನು: ನಾಳೆ ಮತ್ತೆ ಬರೆಯುತ್ತೇನೆ, ಮಸಿಯ ಬಗ್ಗೆಯೂ ಸೇರಿಸಿ. ಕೆಲವು ಪುಟದಲ್ಲಿ ಕಪ್ಪು ಎಷ್ಟು ದಟ್ಟ ಅಂದರೆ ಉಸಿರು ಕಟ್ಟುತ್ತದೆ. ಅದನ್ನು ಮೊದಲೇ ಹೇಳಬೇಕಿತ್ತು. ಅಕ್ಷರ ಜಾಸ್ತಿ ಅಂತಲೂ ಹೇಳುತ್ತೇನೆ. ಆದರೆ ನಕ್ಷತ್ರ ಕಮ್ಮಿ ಮಾಡುವುದಿಲ್ಲ. ನೀನು ಮೊದಲು ಪೂರ್ತಿ ಓದು, ಆಮೇಲೆ ಬಾ ಜಗಳಕ್ಕೆ.

ರಾಘು: ಅರ್ಧ ನಕ್ಷತ್ರ?

ನಾನು: ಇಲ್ಲ.

ಅಮ್ಮ: ರಾತ್ರಿ ಊಟ ಆದರೂ ಆಯ್ತಾ?

ದೊಡ್ಡಪ್ಪ: ಅನು, ಮಹಾಲಯಕ್ಕೆ ಶಿವಮೊಗ್ಗಕ್ಕೆ ಬರುತ್ತೀಯಲ್ಲ. ಆ ಚೇಳಿನ ಪುಸ್ತಕ ಸಿಕ್ಕಿದರೆ ತಗೊಂಡು ಬಾ. ದುಡ್ಡು ನಾನು ಕೊಡುತ್ತೇನೆ.

ನಾನು: ಆ ಇನ್ನೊಂದು?

ದೊಡ್ಡಪ್ಪ: ದೆವ್ವದ್ದು ಅಮಾವಾಸ್ಯೆ ಕಳೆದ ಮೇಲೆ ನೋಡೋಣ.